ಮೂರನೇ ಸುತ್ತಿನ ಮೇಣದಬತ್ತಿ

ಆಸ್ಪತ್ರೆಯ ಫಾರಂನಲ್ಲಿ 'ಆಪರೇಷನ್ ಆದ ಮೇಲೆ ಎರಡು ವಾರ ಮನೆಯಲ್ಲಿ ಜೊತೆಗಿರುವವರು' ಎಂಬ ಸಾಲಿನ ಮುಂದೆ ಆರ್ಡಿಸ್ ಲಿಂಡ್ವಾಲ್ 'ಅಕ್ಕ' ಎಂದು ಬರೆದುಬಿಟ್ಟಿದ್ದಳು. ಅವಳಿಗೆ ಅಕ್ಕ ಇರಲಿಲ್ಲ. ತಂದೆತಾಯಿಗೆ ಅವಳೊಬ್ಬಳೇ ಮಗಳು. ಶಾಲೆಯ ಲೈಬ್ರರಿಯಲ್ಲಿ ಮೂವತ್ತೆಂಟು ವರ್ಷ ಕೂತು, ಸುಳ್ಳು ಹೆಸರು ಬರೆದು ಪುಸ್ತಕ ಒಯ್ಯುವ ಮಕ್ಕಳನ್ನು ಕನ್ನಡಕದ ಮೇಲಿಂದ ನೋಡಿಯೇ ಹಿಡಿಯುತ್ತಿದ್ದವಳು, ಎಪ್ಪತ್ತಾರನೆಯ ವಯಸ್ಸಿನಲ್ಲಿ ಸ್ವಂತ ಕೈಯಾರೆ ಇಂಥ ಕೆಲಸ ಮಾಡಿದ್ದಳು.

ಗುರುವಾರ ನರ್ಸ್ ಫೋನ್ ಮಾಡಿದಳು.

"ಅಕ್ಕ ಅಂತ ಬರೆದಿದೀರಿ ಮೇಡಂ, ಹೆಸರಿಲ್ಲ, ನಂಬರೂ ಇಲ್ಲ."

"ಅವಳು ಊರಲ್ಲಿಲ್ಲ," ಎಂದಳು ಆರ್ಡಿಸ್. ಅದು ನಿಜವೇ ಆಗಿತ್ತು. ಇಲ್ಲದ ಅಕ್ಕ ಯಾವ ಊರಿನಲ್ಲೂ ಇರುವುದಿಲ್ಲ.

"ಸೋಮವಾರದೊಳಗೆ ಕೊಡಿ. ಇಲ್ದಿದ್ರೆ ನಿಮ್ಮ ಮಂಡಿ ಏಪ್ರಿಲ್‌ಗೆ ಹೋಗುತ್ತೆ."

ಏಪ್ರಿಲ್‌ಗೂ ಇವತ್ತಿಗೂ ನಡುವೆ ಅಯೋವಾದ ಒಂದು ಇಡೀ ಚಳಿಗಾಲ, ಮೆಟ್ಟಿಲ ಮೇಲೆ ಕಟ್ಟುವ ಮಂಜುಗಡ್ಡೆ ಎಲ್ಲ ಇತ್ತು. ಆಗಲೇ ಎರಡು ತಿಂಗಳಿಂದ ಆರ್ಡಿಸ್ ಮಹಡಿ ಹತ್ತಿರಲಿಲ್ಲ. ಕೆಳಗಿನ ಸೋಫಾದ ಮೇಲೆ ಮುದುರಿ ಮಲಗುತ್ತಿದ್ದಳು. ಮಂಡಿ ಊದಿದಾಗ ಫ್ರೀಜರಿನಿಂದ ಹಸಿ ಬಟಾಣಿಯ ಪೊಟ್ಟಣ ತೆಗೆದು ಅದರ ಮೇಲಿಟ್ಟುಕೊಳ್ಳುತ್ತಿದ್ದಳು.

ಕೇಳಲು ಜನ ಇಲ್ಲದೆ ಇರಲಿಲ್ಲ. ಕಾಲೇಜಿನಲ್ಲಿ ಅವಳು ಸೇರಿದ್ದ ಸೊರಾರಿಟಿ, ಎಂದರೆ ಮೂರು ಗ್ರೀಕ್ ಅಕ್ಷರಗಳ ಹೆಸರಿನ ಹುಡುಗಿಯರ ಸಂಘ, ಓದು ಮುಗಿದರೂ ಬಿಡುವಂಥದ್ದಲ್ಲ. ಹೊಸದಾಗಿ ಸೇರಿದ ಪ್ರತಿ ಹುಡುಗಿಗೂ ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಅಕ್ಕನಾಗಿ ಗೊತ್ತುಮಾಡುತ್ತಾರೆ. ಆರ್ಡಿಸಳಿಗೆ ಹಾಗೆ ಸಿಕ್ಕಿದವಳು ಲವೋನ್. ಐವತ್ತೇಳು ವರ್ಷ ಕಳೆದಿದ್ದವು. ಲವೋನ್ ಈಗಲೂ ಹತ್ತು ಮೈಲಿ ಆಚೆ, ಅದೇ ಕಾಲೇಜಿನ ಊರಿನಲ್ಲಿದ್ದಳು.

ತೊಂದರೆ ಏನೆಂದರೆ, ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗೆ ಕಾಯಿಲೆಯಾದರೂ ಊಟ, ಕಾರ್ಡು, ಕಾರು ಎಲ್ಲ ಏರ್ಪಡಿಸುವ ಸಮಿತಿಗೆ ಮೂವತ್ತೊಂದು ವರ್ಷದಿಂದ ಆರ್ಡಿಸಳೇ ಮುಖ್ಯಸ್ಥೆ. ನಿಯಮಗಳನ್ನು ಟೈಪ್ ಮಾಡಿದವಳೂ ಅವಳೇ. ಸತತ ಎರಡು ದಿನ ಟ್ಯೂನಾ ಮೀನಿನ ಅಡುಗೆ ಕೂಡದು. ಪಾತ್ರೆಯ ತಳಕ್ಕೆ ಹೆಸರು ಅಂಟಿಸಿರಬೇಕು. ನೋಡಲು ಹೋದವರು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು. 'ಏನಾದರೂ ಬೇಕಿತ್ತಾ' ಎಂದು ಕೇಳಬಾರದು. ಕೇಳಿದರೆ ಎಲ್ಲರೂ ಬೇಡ ಅನ್ನುತ್ತಾರೆ. ಈ ಕೊನೆಯ ನಿಯಮಕ್ಕೆ ಅವಳೇ ದೊಡ್ಡ ಉದಾಹರಣೆ. ಮೂರು ವರ್ಷದ ಹಿಂದೆ ನ್ಯುಮೋನಿಯಾ ಆದಾಗ, ಅದೇ ಸಮಿತಿಯಿಂದ ಬಾಗಿಲಿಗೆ ಬಂದ ಗೆಳತಿ ಮಾರ್ವೆಲಳ ಸೂಪನ್ನು "ಫ್ರೀಜರಲ್ಲಿ ಜಾಗ ಇಲ್ಲ ಕಣೇ" ಎಂದು ಹಿಂದಕ್ಕೆ ಕಳಿಸಿದ್ದಳು. ಫ್ರೀಜರಿನಲ್ಲಿ ಇದ್ದದ್ದು ಎರಡು ಪೊಟ್ಟಣ ಬಟಾಣಿ.

ಶನಿವಾರ ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳು ಸೇರುವ ದಿನ. ಸೊರಾರಿಟಿ ಮನೆಯಲ್ಲಿ ಮಧ್ಯಾಹ್ನದ ಊಟವಿತ್ತು. ಅಲ್ಲೇ ಲವೋನಳನ್ನು ಕೇಳಿಬಿಡುವುದೆಂದು ಆರ್ಡಿಸ್ ನಿಶ್ಚಯಿಸಿ, ಹತ್ತು ಮೈಲಿಯುದ್ದಕ್ಕೂ ಕಾರಿನಲ್ಲಿ ಮಾತನ್ನು ಉರು ಹೊಡೆದಳು. ಕೋಳಿ ಸಲಾಡ್ ಬಂದಾಗ ಹವಾಮಾನದ ಬಗ್ಗೆ ಮಾತಾಡಿದಳು. ಕುಂಬಳಕಾಯಿ ಪೈ ಬಂದಾಗ ಪೈಯನ್ನು ಹೊಗಳಿದಳು. ಕಾಫಿ ಬಂದಾಗ ಇನ್ನೂ ಹೊಗಳಲು ಏನಿದೆ ಎಂದು ಸುತ್ತ ನೋಡಿದಳು.

"ಪರದೆಯನ್ನೂ ಹೊಗಳಿಬಿಡು, ಪಾಪ ಅದೊಂದೇ ಯಾಕೆ ಬಿಡ್ತೀಯ," ಎಂದಳು ಲವೋನ್. ಹಾಗೆನ್ನುತ್ತಲೇ ತನ್ನ ತೋಳುಕುರ್ಚಿಯನ್ನು ಆರ್ಡಿಸಳ ಕಡೆ ತಳ್ಳಿ, ಅವಳನ್ನು ಅದರಲ್ಲಿ ಕೂರಿಸಿ, ತಾನು ಅವಳ ತೋಳಿಲ್ಲದ ಕುರ್ಚಿಗೆ ಬಂದು ಕೂತಳು. ಕೈಯೂರಿ ಏಳಲು ಅನುಕೂಲವಾಗಲಿ ಎಂದೇ ಹಾಗೆ ಮಾಡಿದ್ದು. ಆರ್ಡಿಸಳಿಗೆ ಅರ್ಥವಾಯಿತು, ಅರ್ಥವಾಗದವಳಂತೆ ಕಾಫಿ ಕುಡಿದಳು.

ಊಟವಾದ ಮೇಲೆ ಹುಡುಗಿಯರು ಪರದೆ ಎಳೆದು ದೀಪ ಆರಿಸಿದರು. ಎಳೆಯರು, ಮುದುಕಿಯರು ಎಲ್ಲ ಸೇರಿ ನಲವತ್ತು ಜನ ದುಂಡಗೆ ನಿಂತರು. ಹೂವು, ರಿಬ್ಬನ್ನು, ಕಸೂತಿಯಂತೆ ಕತ್ತರಿಸಿದ ಕಾಗದ ಕಟ್ಟಿದ ಮೇಣದಬತ್ತಿಯೊಂದನ್ನು ಹೊತ್ತಿಸಿ ಕೈಯಿಂದ ಕೈಗೆ ಸಾಗಿಸತೊಡಗಿದರು. ಯಾರಲ್ಲೋ ಒಂದು ಸಿಹಿ ಸುದ್ದಿ ಇದೆ. ಯಾರಲ್ಲಿ ಎನ್ನುವುದು ಗುಟ್ಟು. ಮೊದಲ ಸುತ್ತು ಗೆಳೆತನಕ್ಕೆ, ಆಗ ಯಾರೂ ಊದುವಂತಿಲ್ಲ. ಎರಡನೇ ಸುತ್ತಿನಲ್ಲಿ ಊದಿದವಳಿಗೆ ಹುಡುಗನೊಬ್ಬ ಗೊತ್ತಾಗಿದ್ದಾನೆ ಎಂದರ್ಥ. ಮೂರನೇ ಸುತ್ತಿನಲ್ಲಿ ಊದಿದರೆ ಮದುವೆ ನಿಶ್ಚಯವಾಗಿದೆ.

ಆರ್ಡಿಸ್ ಹೀಗೆ ದುಂಡಗೆ ನಲವತ್ತೆರಡು ಸಲ ನಿಂತಿದ್ದಳು. ಒಮ್ಮೆಯೂ ಊದುವ ಪ್ರಸಂಗ ಬಂದಿರಲಿಲ್ಲ. ರೋಲಂಡ್ ಎಂಬವನು ಸುಮಾರು ಎರಡನೇ ಸುತ್ತಿನವರೆಗೆ ಬಂದಿದ್ದ. ಆಮೇಲೆ ಟ್ರಾಕ್ಟರ್ ಮಾರಲು ನೆಬ್ರಾಸ್ಕಾಗೆ ಹೋದವನು ಅಲ್ಲೇ ಯಾರಿಗೋ ಟ್ರಾಕ್ಟರಿನ ಜೊತೆ ತನ್ನನ್ನೂ ಕೊಟ್ಟುಕೊಂಡ.

ಮೂರನೇ ಸುತ್ತಿನಲ್ಲಿ ಬತ್ತಿ ಅವಳ ಕೈಗೆ ಬರುವ ಹೊತ್ತಿಗೆ ಕಾಗದದ ಕಸೂತಿಯ ಅಂಚು ಕಂದಿ ಸಣ್ಣಗೆ ಉರಿ ಹತ್ತಿಕೊಂಡಿತು. ಕಾಗದ ಮತ್ತು ಬೆಂಕಿ. ಮೂವತ್ತೆಂಟು ವರ್ಷದ ಲೈಬ್ರರಿ ಕೆಲಸ ಅವಳಿಗೆ ಯೋಚಿಸಲು ಪುರುಸೊತ್ತು ಕೊಡಲಿಲ್ಲ. ಉಫ್ ಎಂದು ಊದಿಬಿಟ್ಟಳು.

ಒಂದು ಕ್ಷಣ ಕತ್ತಲು. ಆಮೇಲೆ ಹುಡುಗಿಯರ ಕಿರುಚಾಟ, ಚಪ್ಪಾಳೆ. ಯಾರೋ ದೀಪ ಹಾಕಿದರು. ಚಪ್ಪಾಳೆ ಅರ್ಧಕ್ಕೇ ನಿಂತಿತು.

"ಆರ್ಡಿಸ್?" ಎಂದಳು ಮಾರ್ವೆಲ್. "ಯಾರೇ ಅವ್ನು?"

"ಮೊದ್ಲು ಬದುಕಿದಾನಾ ಕೇಳು," ಎಂದಳು ಲವೋನ್.

ಕಣ್ಣು ಮಿಟುಕಿಸುವಷ್ಟು ಹೊತ್ತು ಆರ್ಡಿಸ್ ಒಬ್ಬ ವರನನ್ನು ಸೃಷ್ಟಿಸುವ ಯೋಚನೆ ಮಾಡಿದಳು. ಕ್ಯಾನ್ಸಸ್‌ನ ಗೋಧಿ ರೈತ, ವಿಧುರ, ಹೃದಯ ಅಷ್ಟು ಗಟ್ಟಿಯಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಗೌರವವಾಗಿ ಸಾಯಿಸಿಬಿಡಬಹುದು. ಹೆಸರೂ ಹೊಳೆದಿತ್ತು. ಅಷ್ಟರಲ್ಲಿ ಎದುರಿಗೆ ನಿಂತ ಹುಡುಗಿಯೊಬ್ಬಳು ಕಂಡಳು. ಟೆನ್ಲಿ ಎಂದು ಅವಳ ಹೆಸರು, ಊಟಕ್ಕೆ ಬಡಿಸಿದವಳು. ಉಂಗುರ ಯಾರಿಗೂ ಕಾಣದಿರಲೆಂಬಂತೆ ಎಡಗೈಯನ್ನು ಜೇಬಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ನಗಲು ಪ್ರಯತ್ನಿಸುತ್ತಿದ್ದಳು, ಕಣ್ಣು ತುಂಬಿತ್ತು.

"ಅವನೂ ಇಲ್ಲ, ಇವನೂ ಇಲ್ಲ," ಎಂದಳು ಆರ್ಡಿಸ್. "ಕಾಗದಕ್ಕೆ ಬೆಂಕಿ ಹತ್ತಿತ್ತು, ಊದಿದೆ. ಈ ಬತ್ತಿ ಬೇರೆಯವರದ್ದು. ತಪ್ಪಾಯ್ತಮ್ಮ."

"ಅಯ್ಯೋ ಪರ್ವಾಗಿಲ್ಲ ಮಿಸ್ ಲಿಂಡ್ವಾಲ್," ಎಂದು ಟೆನ್ಲಿ ಮೊದಲೇ ಅಂದುಬಿಟ್ಟಳು, ತನ್ನ ಗುಟ್ಟು ತಾನೇ ಒಡೆದದ್ದು ಗೊತ್ತಾಗದೆ.

ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಲವೋನ್ ಬಿಡಲಿಲ್ಲ.

"ಊದಿದವಳು ಸುದ್ದಿ ಹೇಳ್ಬೇಕು. ಅದು ನಿಯಮ."

"ನನ್ ಹತ್ರ ಸುದ್ದಿ ಇಲ್ಲ ಕಣೇ."

"ಬಂದಾಗಿಂದ ಏನೋ ನುಂಗ್ತಾ ಇದೀಯ. ಪೈ ಅಲ್ಲ ಅದು."

ನಿಯಮ ಎಂದರೆ ಆರ್ಡಿಸ್ ಸೋಲುತ್ತಾಳೆ ಎಂದು ಲವೋನಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆರ್ಡಿಸ್ ಬತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಾರ್ಥನೆ ಒಪ್ಪಿಸುವ ಮಗುವಿನಂತೆ ನಿಂತು, ಹೇಳಿದಳು.

"ನಂಗೆ ಗಂಡ ಸಿಕ್ಕಿಲ್ಲ, ಹೊಸ ಮಂಡಿ ಸಿಗ್ತಾ ಇದೆ. ಎರಡು ವಾರ ಜೊತೆಗೆ ಯಾರಾದ್ರೂ ಇರ್ಬೇಕಂತೆ. ಫಾರಂನಲ್ಲಿ ಅಕ್ಕ ಅಂತ ಬರೆದಿದೀನಿ. ಹೆಸರು ಬರೆಯೋ ಧೈರ್ಯ ಬರ್ಲಿಲ್ಲ. ಸೋಮವಾರ ಕೊನೇ ದಿನ."

ನಲವತ್ತು ಜನರೂ ಅವಳನ್ನೇ ನೋಡಿದರು. ಆರ್ಡಿಸಳಿಗೆ ಕ್ಯಾನ್ಸಸ್‌ನ ರೈತನೇ ವಾಸಿಯಿತ್ತೇನೋ ಅನ್ನಿಸಿತು.

"ಐವತ್ತೇಳು ವರ್ಷ ನಿನ್ನ ಅಕ್ಕ ಆಗಿದೀನಿ," ಎಂದಳು ಲವೋನ್. "ಒಂದೇ ಒಂದ್ಸಲ ಕೆಲಸ ಕೊಡೋಕೆ ಬೆಂಕಿ ಬೀಳ್ಬೇಕಾಯ್ತಾ ನಿಂಗೆ?"

ಮಾರ್ವೆಲ್ ತನ್ನ ಕೈಚೀಲ ತಡಕಿ, ಮಡಿಕೆಯಲ್ಲೇ ಹರಿಯಲಾರಂಭಿಸಿದ ಹಾಳೆಯೊಂದನ್ನು ತೆಗೆದಳು. ಮೇಲೆ 'ಆರ್ಡಿಸ್' ಎಂದು ಬರೆದಿತ್ತು. ಕೆಳಗೆ ಹದಿನಾಲ್ಕು ದಿನ, ಹದಿನಾಲ್ಕು ಹೆಸರು.

"ನಿನ್ನ ನ್ಯುಮೋನಿಯಾಕ್ಕೆ ಮಾಡಿದ್ದು. ಸೂಪ್ ಒಳಗೆ ಹೋದ್ರೆ ಇದನ್ನ ತೆಗೆಯೋಣ ಅಂತಿದ್ವಿ. ಸೂಪೇ ಒಳಗೆ ಹೋಗ್ಲಿಲ್ಲ."

ಎರಡು ಹೆಸರುಗಳ ಮೇಲೆ ಗೆರೆ ಎಳೆದಿತ್ತು. ಆ ಇಬ್ಬರ ಮನೆಯವರಿಗೂ ಸಂತಾಪದ ಕಾರ್ಡು ಕಳಿಸಿದವಳು ಆರ್ಡಿಸಳೇ. ತನಗೊಂದು ದಿನ ಕೊಡಲೆಂದು ಅವರು ಕಾದಿದ್ದರು, ತಾನು ಮನೆಯ ಬಾಗಿಲಲ್ಲಿ ನಿಂತು ಜಾಗವಿಲ್ಲ ಎಂದಿದ್ದಳು. ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಚಿ, ಮತ್ತೆ ಬಿಚ್ಚಿ, ಆ ಎರಡು ಹೆಸರುಗಳನ್ನು ಇನ್ನೊಮ್ಮೆ ಓದಿದಳು.

"ಆ ಎರಡು ದಿನ ನಮ್ಮಲ್ಲಿ ಇಬ್ರು ಬರ್ಬಹುದಾ?" ಎಂದು ಟೆನ್ಲಿ ಕೇಳಿದಳು. "ನಂಗೆ ಅಡುಗೆ ಮಾತ್ರ ಬರಲ್ಲ. ಟ್ಯೂನಾ ಡಬ್ಬಿ ತೆಗೆಯೋಕೆ ಬರುತ್ತೆ."

"ನನ್ನದೂ ಟ್ಯೂನಾನೇ," ಎಂದಳು ಮಾರ್ವೆಲ್. "ಹಿಂದಿನ ದಿನವೇ. ಮೇಡಂ ನಿಯಮ ಏನ್ ಹೇಳುತ್ತೋ."

"ಮಂಡಿ ಆದೋರಿಗೆ ನಿಯಮ ಇಲ್ಲ," ಎಂದಳು ಆರ್ಡಿಸ್.

ಮತ್ತೆ ಪರದೆ ಎಳೆದರು. ಲವೋನ್ ಕಸೂತಿ ಕಾಗದವನ್ನು ಕಿತ್ತು ಬತ್ತಿ ಹೊತ್ತಿಸಿದಳು. ಮೂರೂ ಸುತ್ತಿನಲ್ಲಿ ಆರ್ಡಿಸ್ ಅದನ್ನು ತೋಳುದ್ದ ದೂರ ಹಿಡಿದು, ಉಸಿರು ಕಟ್ಟಿ, ತುಟಿಗಳನ್ನು ಒಳಗೆಳೆದುಕೊಂಡು ಪಕ್ಕಕ್ಕೆ ದಾಟಿಸಿದಳು. ಟೆನ್ಲಿ ಊದಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಸೋಮವಾರ ನರ್ಸಿಗೆ ಅವಳೇ ಫೋನ್ ಮಾಡಿದಳು.

"ಅಕ್ಕ ಒಬ್ರೇನಾ ಮೇಡಂ?"

"ಹದಿನಾಲ್ಕು ಜನ. ಕಾರು ಓಡಿಸೋರು ಒಂಬತ್ತು. ಸಂಜೆ ಮೇಲೆ ಓಡಿಸೋರು ನಾಲ್ಕು, ಅದರಲ್ಲಿ ಇಬ್ಬರಿಗೆ ಇಪ್ಪತ್ತು ವರ್ಷ."

ಆ ಕಡೆ ಕಾಗದ ಮಗುಚಿದ ಸದ್ದಾಯಿತು. "ಇಲ್ಲಿ ಒಂದೇ ಸಾಲಿದೆ."

"ಹಾಗಾದ್ರೆ ಲವೋನ್ ಅಂತ ಬರೀರಿ," ಎಂದು ಆರ್ಡಿಸ್ ನಂಬರನ್ನು ನಿಧಾನವಾಗಿ ಎರಡು ಸಲ ಹೇಳಿದಳು. ಫೋನಿಟ್ಟು ಅಡುಗೆಮನೆಗೆ ಹೋಗಿ ಫ್ರೀಜರ್ ತೆರೆದಳು. ಎರಡೂ ಬಟಾಣಿ ಪೊಟ್ಟಣ ಹೊರತೆಗೆದು, ಕುರ್ಚಿಯಲ್ಲಿ ಕೂತು, ಮಂಡಿಯ ಆಚೆಗೊಂದು ಈಚೆಗೊಂದು ಇಟ್ಟುಕೊಂಡಳು. ಫ್ರೀಜರಿನ ಬಾಗಿಲು ತೆರೆದೇ ಇತ್ತು. ಹದಿನಾಲ್ಕು ಪಾತ್ರೆಗಳಿಗೆ ಜಾಗ ಸಾಲುತ್ತದೆಯೇ ಎಂದು ಅವಳು ಕೂತಲ್ಲಿಂದಲೇ ಅಂದಾಜು ಹಾಕತೊಡಗಿದಳು.