ಗೋಡೆಗೆ ಹಾಕಿದ ನೀರು

ಟೈಲರಮ್ಮ ಹಿಂದೊಮ್ಮೆ ಮನೆ ಕೊಂಡು ಕೈ ಸುಟ್ಟುಕೊಂಡವಳು. ಥಳಥಳಿಸುವ ಟೈಲ್ಸಿಗೆ ಮರುಳಾಗಿದ್ದಳು. ಬಾಡಿಗೆಗೆ ಬಂದವರು ಬಸ್ಸಿಗೆ ಕಾಯುವವರಂತೆ ಅಲ್ಲಿ ಒಂದಿಷ್ಟು ಹೊತ್ತು ಕೂತು ಎದ್ದುಹೋಗುತ್ತಿದ್ದರು. ಮನೆ ಅರ್ಧ ವರ್ಷ ಖಾಲಿ ಬೀಳುತ್ತಿತ್ತು. ಹೊಲಿಗೆ ಅಂಗಡಿಯ ಉಳಿತಾಯವೆಲ್ಲ ಸುರಿದು ಈಗ ಎರಡನೇ ಮನೆ ಕೊಳ್ಳಲು ಹೊರಟಿದ್ದಳು. ಈ ಸಲವೂ ಎಡವಿದರೆ ಅಂಗಡಿಯ ಷಟರ್ ಎಳೆಯುವುದೊಂದೇ ಬಾಕಿ.

ಮನೆ ತೋರಿಸಲು ಕರೆತಂದವನು ಮೈದುನ. ಗೇಟಿನಲ್ಲಿ ನಿಂತೇ ಮನೆಗೆ ರೇಟು ಕಟ್ಟುವ ದಲ್ಲಾಳಿ.

"ಕೊಂಡ ಮಾರನೇ ದಿನವೇ ಈ ಬಾಡಿಗೆಯವರನ್ನ ಎಬ್ಬಿಸಿಬಿಡಿ ಅತ್ತಿಗೆ. ಬಣ್ಣ ಹೊಡೆಸಿ ಡಬಲ್ ಬಾಡಿಗೆಗೆ ಕೊಡೋಣ," ಎಂದ, ಒಳಗಿರುವವರಿಗೆ ಕಿವಿಯೇ ಇಲ್ಲವೆಂಬಂತೆ. ಸೋರುವ ನಲ್ಲಿ, ಮುರಿದ ಚಿಲಕಗಳ ಸಾಲಿನಲ್ಲೇ ಮನುಷ್ಯರನ್ನೂ ಎಣಿಸುವುದು ಆ ಕಸುಬಿನ ಚಾಳಿ.

ಬಾಗಿಲು ತೆರೆದವಳು ಅದೇ ಬೀದಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು.

"ಹುಷಾರು, ಜಾರತ್ತೆ. ಈ ಮನೇಲಿ ನೆಲ ಒಣಗೋದೇ ಇಲ್ಲ. ಗೋಡೆ ನೋಡಿ, ಹೆಂಗೆ ಬೆವರ್ತಿದೆ! ಇಲ್ಲಿಗೆ ಬಂದಾಗಿಂದ ನಮ್ಮತ್ತೆಗೆ ಕೆಮ್ಮು ಬಿಟ್ಟಿಲ್ಲ."

ಮಂಚದ ಮೇಲಿದ್ದ ಅತ್ತೆ ಸೊಸೆಯ ಮಾತು ಮುಗಿಯುವುದನ್ನೇ ಕಾಯುತ್ತಿದ್ದವರಂತೆ ಕೆಮ್ಮತೊಡಗಿದರು. ಕೆಮ್ಮೋ ಕೆಮ್ಮು, ಮಂಚವೇ ಅಲುಗಾಡುವಷ್ಟು.

ಟೈಲರಮ್ಮ ಗೋಡೆಗೆ ಮೂಗು ಹಚ್ಚಿದಳು. ತೇವ ಕೂತ ಗೋಡೆ ಮುಗ್ಗಲು ವಾಸನೆ ಹೊಡೆಯಬೇಕು. ಇದು ಬಟ್ಟೆ ಸೋಪಿನಂತೆ ಘಮಘಮ. ಅಲ್ಲಿ ಬಡಿದಿದ್ದ ಮೊಳೆಗೆ ತುಕ್ಕಿನ ಚುಕ್ಕೆಯೂ ಇಲ್ಲ. ಬಾಗಿಲ ಹಿಂದೆ ಖಾಲಿ ಬಕೆಟ್ಟು.

"ಮಹಡಿ ಮೇಲೆ ನೀರಿನ ಟ್ಯಾಂಕು ಹೇಗಿದೆ ನೋಡ್ಕೊಂಡು ಬಾರಪ್ಪ," ಎಂದು ಮೈದುನನನ್ನು ಸಾಗಹಾಕಿ ಸೊಸೆಯ ಕಡೆ ತಿರುಗಿದಳು. "ಒಂದೇ ಬಕೆಟ್ಟೋ, ಎರಡೋ?"

ಕೆಮ್ಮು ಅರ್ಧದಲ್ಲೇ ನಿಂತಿತು.

ಸೊಸೆ ಮಾತ್ರ ತಲೆ ತಗ್ಗಿಸಲಿಲ್ಲ. "ಎರಡು. ಏನೀಗ? ಕೊಳ್ಳೋರು ಬರ್ತಾರೆ, ಗೋಡೆ ತಟ್ತಾರೆ, ನಲ್ಲಿ ತಿರುಗಿಸ್ತಾರೆ. ಇರೋರನ್ನ ಯಾರಾದ್ರೂ ಒಂದು ಮಾತು ಕೇಳ್ತಾರಾ? ಈ ನಲ್ಲಿ ಹಾಕ್ಸಿದ್ದು ನಾವು. ಕಿಟಕಿ ರಿಪೇರಿ ಮಾಡ್ಸಿದ್ದು ನಾವು. ಓನರ್ರು ಗೇಟಲ್ಲೇ ಕೈ ಚಾಚಿ ಬಾಡಿಗೆ ಇಸ್ಕೊಂಡು ಹೋಗ್ತಾರೆ, ಹೊಸ್ತಿಲು ದಾಟಿದ್ದೇ ಇಲ್ಲ. ನನ್ ಗಿರಾಕಿಗಳೆಲ್ಲ ಈ ಬೀದಿಯೋರು. ಎಬ್ಬಿಸಿದ್ರೆ ಇಸ್ತ್ರಿಪೆಟ್ಟಿಗೆ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

ಟೈಲರಮ್ಮನಿಗೆ ತನ್ನ ಟೈಲ್ಸಿನ ಮನೆ ನೆನಪಾಯಿತು. ಅಲ್ಲಿಂದ ಹೋದವರು ಒಬ್ಬರೂ ತಿರುಗಿ ನೋಡಿರಲಿಲ್ಲ. ಇಲ್ಲಿ ಉಳಿಯುವುದಕ್ಕಾಗಿ ಇವರು ತಾವಿರುವ ಮನೆಗೆ ತಾವೇ ನೀರೆರಚಿದ್ದರು. ಕೆಟ್ಟ ಮನೆಗಾಗಿ ಯಾರು ಇಷ್ಟು ಕೆಮ್ಮುತ್ತಾರೆ?

"ನಾನು ನಿಮ್ಮನ್ನ ಎಬ್ಬಿಸಲ್ಲ ಕಣಮ್ಮ."

"ಎಲ್ರೂ ಹೇಳೋದು ಹಂಗೇನೇ," ಎಂದರು ಮಂಚದ ಮೇಲಿನ ಅತ್ತೆ.

"ಐದು ವರ್ಷಕ್ಕೆ ಕರಾರು ಬರ್ಕೊಡ್ತೀನಿ. ಬಾಡಿಗೆ ಈಗಿರೋಷ್ಟೇ."

"ರಿಪೇರಿ?" ಸೊಸೆ ಕೇಳಿದಳು.

"ನಂದು."

"ನಾವು ಹಾಕ್ಸಿದ ನಲ್ಲಿ?"

"ಅಯ್ಯೋ, ಅದರ ದುಡ್ಡನ್ನೂ ಬಾಡಿಗೇಲಿ ಮುರ್ಕೊಳ್ಳಿ!" ಟೈಲರಮ್ಮ ನಕ್ಕು ದನಿ ತಗ್ಗಿಸಿದಳು. "ಆದ್ರೆ ಓನರ್ ಹೇಳ್ತಿರೋ ರೇಟು ನಂಗೆ ಎಟುಕಲ್ಲ. ಸಂಜೆ ಅವರನ್ನೇ ಕರೆಸ್ತೀನಿ. ಒದ್ದೆ ಗೋಡೆ ಕಂಡ್ರೆ ರೇಟು ಇಳಿಸ್ತಾರೆ. ಅಷ್ಟೊತ್ತಿಗೆ ಈ ಗೋಡೆ ಒಣಗಿಬಿಡತ್ತೇನೋ?"

ಇಸ್ತ್ರಿಯವಳ ತುಟಿಯಂಚು ಅರಳಿತು. "ಅವರಿಗೆ ಗೊತ್ತಾಗಲ್ವಾ?"

"ಹೊಸ್ತಿಲೇ ದಾಟದೋರಿಗೆ ಗೋಡೆ ಗುರುತು ಹೇಗಮ್ಮ ಸಿಗತ್ತೆ?"

ಇಸ್ತ್ರಿಯವಳು ಬಕೆಟ್ಟು ಎತ್ತಿಕೊಂಡಳು. ಎರಡು ಹೆಜ್ಜೆ ಇಟ್ಟವಳು ಏನೋ ಯೋಚಿಸಿ ಅದನ್ನು ಮತ್ತೆ ನೆಲಕ್ಕಿಟ್ಟಳು.

"ಮೊದ್ಲು ಕರಾರು, ಅಮ್ಮಾ. ಆಮೇಲೆ ನೀರು."

"ನನ್ ಕೆಮ್ಮೂ ಅಷ್ಟೇ," ಎಂದರು ಅತ್ತೆ.

ಮೈದುನ ಕೆಳಗಿಳಿದು ಬಂದಾಗ ಅತ್ತಿಗೆ ಇಸ್ತ್ರಿ ಮೇಜಿನ ಮುಂದೆ ಕೂತು ಬರೆಯುತ್ತಿದ್ದಳು. ಇಸ್ತ್ರಿಯವಳು ಪಕ್ಕದಲ್ಲೇ ನಿಂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿಸಿಕೊಳ್ಳುತ್ತಿದ್ದಳು. ಬಕೆಟ್ಟು ಇನ್ನೂ ಖಾಲಿಯೇ ಇತ್ತು.