ಗುಳಿಗೆ ನುಂಗಿದ್ದರೆ ಒಂದು ಒತ್ತಿ

ನಮ್ಮ ಅಧ್ಯಯನದಲ್ಲಿ ಎಲ್ಲರಿಗಿಂತ ಒಳ್ಳೆಯ ರೋಗಿ ಹುಲಗೇಶ. ತಾರ್ನಾಕದ ತಮ್ಮ ಕೋಣೆಗೆ ಬಂದವರಿಗೆಲ್ಲ ಪ್ರೊಫೆಸರ್ ಜಯತೀರ್ಥರು ಹಾಗೇ ಹೇಳುತ್ತಿದ್ದರು. ಕ್ಷಯದವರ ಮೊಬೈಲಿಗೆ ದಿನಾ ಬೆಳಿಗ್ಗೆ ಒಂದು ಎಸ್ಸೆಮ್ಮೆಸ್ ಹೋಗುತ್ತಿತ್ತು: ಗುಳಿಗೆ ನುಂಗಿದಿರಾ? ನುಂಗಿದ್ದರೆ ಒಂದು ಒತ್ತಿ ಕಳಿಸಬೇಕು, ಅಷ್ಟೇ. ಹುಲಗೇಶನಿಂದ ಒಂದು ದಿನವೂ ಉತ್ತರ ತಪ್ಪಿರಲಿಲ್ಲ.

ಮೊದಲೆಲ್ಲ ದವಾಖಾನೆಯ ನರ್ಸ್ ಸುಂದರಾಬಾಯಿ ಎದುರಿಗೇ ನಿಂತು ನುಂಗಿಸುತ್ತಿದ್ದಳು. ಬಾಯಿ ತೆರೆಸಿ ನೋಡಿ, ಎರಡು ಬೈದು ಕಳಿಸುತ್ತಿದ್ದಳು. ಆ ಕೆಲಸವನ್ನು ಮೊಬೈಲೇ ಮಾಡಬಲ್ಲದೇ ಎಂಬುದು ನಮ್ಮ ಸಂಶೋಧನೆ. ಅದಕ್ಕೇ ತಿಂಗಳ ಗುಳಿಗೆ ಒಮ್ಮೆಲೇ ಕೈಗೆ ಕೊಟ್ಟುಬಿಡುತ್ತಿದ್ದೆವು. ಊರ ತುಂಬ ಕಂಪ್ಯೂಟರ್ ಕಂಪನಿಗಳು ಎದ್ದ ಕಾಲ, ಯಾವುದಕ್ಕೂ ಮನುಷ್ಯರು ಬೇಡವಾಗಿತ್ತು. ಉಪ್ಪಲಿನಲ್ಲಿ ಆ ಕಂಪನಿಗಳ ಗಾಜಿನ ಕಟ್ಟಡ ಕಟ್ಟುತ್ತಿದ್ದ ಹುಲಗೇಶನಂಥ ಕೂಲಿಗಳು ಯಾದಗಿರಿ ಕಡೆಯವರು. ಆ ತೆಲುಗು ಊರಿನಲ್ಲಿ ಅವರ ಕನ್ನಡ ಬರುತ್ತದೆಂದು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು.

ಕೋರ್ಸು ಮುಗಿಯುವ ಹೊತ್ತಿಗೆ ಕಫ ಪರೀಕ್ಷೆ ಮಾಡಿಸಿದರೆ ಹುಲಗೇಶನ ರೋಗ ಇನ್ನೂ ಹೆಚ್ಚಾಗಿತ್ತು. ಸಿಟ್ಟಿನಲ್ಲೇ ಅವನ ತಗಡಿನ ಶೆಡ್ಡಿಗೆ ಹೋದೆ. ಮೂಲೆಯಲ್ಲಿ ಎಲುಬಿನ ಗೂಡಾಗಿ ಕೂತಿದ್ದ.

"ಖರೇ ಹೇಳ್ರಿ, ಗುಳಿಗಿ ನುಂಗೀರೋ ಇಲ್ಲೋ?"

"ನುಂಗೀನ್ರಿ ಅಕ್ಕಾರ. ದೇವರಾಣಿ."

ಹೆಂಡತಿ ಗುರುದೇವಿ ಒಲೆಯ ಮುಂದಿನಿಂದ ಎದ್ದು ಬಂದಳು. "ನಾನಽ ಕೈಯಾರೆ ಕೊಟ್ಟೀನ್ರಿ. ಇಬ್ಬರಿಗೂ ಸರಿ ಪಾಲು ಮಾಡಿ."

"ಇಬ್ಬರಿಗೂ ಅಂದ್ರ?"

ಹೊರಗೆ ಕೆಮ್ಮುತ್ತಿದ್ದ ಮೈದುನ ಕಲ್ಲೇಶನ ಕಡೆ ಕೈ ಮಾಡಿದಳು. "ಅವಗೂ ಕೆಮ್ಮು ಹತ್ತಿತಲ್ರಿ. ಅಣ್ಣ ತಿನ್ನಾಕತ್ತಾಗ ತಮ್ಮಗ ಕೊಡದ ಹೆಂಗ ಇರೂದ್ರಿ? ನಮ್ಮನ್ಯಾಗ ಒಂದು ರೊಟ್ಟಿನೂ ಒಬ್ಬರಽ ತಿಂದಿಲ್ರಿ."

ಅಯ್ಯೋ ಶಿವನೇ! ಬಾಯಿಗೆ ಬಂದಂತೆ ಬೈಯಬೇಕೆನಿಸಿತು, ಆದರೆ ಯಾರನ್ನು ಬೈಯಲಿ? ಅರ್ಧರ್ಧ ತಿಂದರೆ ರೋಗ ಸಾಯುವುದಿಲ್ಲ, ಗುಳಿಗೆಗೆ ಜಗ್ಗದಷ್ಟು ಗಟ್ಟಿಯಾಗುತ್ತದೆ. ಅದನ್ನು ಅವಳಿಗೆ ಯಾರು ಹೇಳಿದ್ದರು? ನಮ್ಮ ಸುಡುಗಾಡು ಮೊಬೈಲು ನುಂಗಿದಿರಾ ಎಂದು ಕೇಳಿತು, ಎಷ್ಟು ಎಂದು ಕೇಳಲಿಲ್ಲ. ಸುಂದರಾಬಾಯಿಯ ಕಣ್ಣಿಗಾದರೆ ಮೊದಲ ದಿನವೇ ಬೀಳುತ್ತಿತ್ತು.

ಇಬ್ಬರನ್ನೂ ದೊಡ್ಡ ದವಾಖಾನೆಗೆ ಕರೆದೊಯ್ದೆ. ಹುಲಗೇಶನಿಗೆ ಆ ಗುಳಿಗೆ ಇನ್ನು ನಾಟುವುದಿಲ್ಲ ಎಂದರು. ಬೇರೆ ಔಷಧಕ್ಕೆ ಸರದಿ ಇತ್ತು. ಸರದಿ ಬರುವ ಮೊದಲೇ ಅವನು ಹೋಗಿಬಿಟ್ಟ.

ಜಯತೀರ್ಥರಿಗೆ ಎಲ್ಲ ಹೇಳಿದೆ. "ಭಾಳ ಕೆಟ್ಟಾತು, ಶೈಲಾ," ಎಂದು ನಿಜಕ್ಕೂ ಕಣ್ಣೊರೆಸಿಕೊಂಡರು. "ಆದ್ರ ಜನ ಉತ್ತರ ಕೊಡ್ತಾರೋ ಇಲ್ಲೋ ಅನ್ನೋದು ನಮ್ಮ ಪ್ರಶ್ನೆ. ಅವ ದಿನಾ ಕೊಟ್ಟಾನ. ಲೆಕ್ಕದಿಂದ ಅವನ ಹೆಸರು ತಗೀಲಿಕ್ಕೆ ಬರೂದಿಲ್ಲ."

"ಥೂ!" ನನ್ನ ಬಾಯಿಂದ ಬಂದೇಬಿಟ್ಟಿತು.

ಅಂದೇ ಕಲ್ಲೇಶನ ರಿಪೋರ್ಟೂ ಬಂತು. ಅವನಿಗೂ ಅದೇ, ಆ ಗುಳಿಗೆ ನಾಟುವುದಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಹೇಳಲು ಶೆಡ್ಡಿಗೆ ಹೋದೆ. ನಾನು ಕೂರುವಷ್ಟರಲ್ಲಿ ಹುಲಗೇಶನ ಮೊಬೈಲು ಕೂಗಿತು. ಗುರುದೇವಿ ನೋಡದೆಯೇ ಒಂದು ಒತ್ತಿದಳು.

"ಯಾಕವ್ವಾ? ಅವನಽ ಇಲ್ಲಲ್ಲ."

"ಒತ್ತಲಿಲ್ಲಂದ್ರ ಗುಳಿಗಿ ಬಂದ್ ಮಾಡ್ತಾರಲ್ರಿ." ಡಬ್ಬಿಯಿಂದ ಉಳಿದ ಗುಳಿಗೆ ತೆಗೆದು ಕಲ್ಲೇಶನ ಅಂಗೈಗೆ ಸುರಿದಳು. "ಈಗ ಪಾಲು ಮಾಡೂದಿಲ್ರಿ. ಎಲ್ಲಾ ಇವಗಽ. ಇವನಾರ ಉಳೀತಾನಲ್ರಿ?"

ಹೇಳಿದೆ. ಎಲ್ಲವನ್ನೂ, ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದ, ಅರ್ಧ ಗುಳಿಗೆಯಿಂದ ಏನಾಯಿತೆಂಬುದನ್ನೂ. ಕಲ್ಲೇಶ ಗುಳಿಗೆ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ಕೂತ.

ಗುರುದೇವಿ ಅಳಲಿಲ್ಲ. "ಹಂಗಾರ ಪಾಲು ಮಾಡಿ ಇಬ್ಬರನ್ನೂ ನಾನಽ ಕೊಂದೆನೇನ್ರಿ, ಅಕ್ಕಾರ?" ಎಂದಳು.

"ನೀ ಅಲ್ಲವ್ವಾ, ನಾವು! ನಾವು!" ಎಂದು ಕೂಗಿದೆ. ಅವಳು ತನ್ನ ಎರಡೂ ಕೈಗಳನ್ನೇ ನೋಡುತ್ತಿದ್ದಳು.