ಒಂದು ಬೀಡಿ ಹೊತ್ತು

ಕೈರಂಪಣಿ ಬಲೆ ಹಾಕುವಾಗ ನಮ್ಮ ಕೋಡಿ ಕಡಲ ಬದಿಯಲ್ಲಿ ವಾಚು ನೋಡುವ ಪದ್ಧತಿ ಇಲ್ಲ. ದೋಣಿ ಒಂದು ಸುತ್ತು ಹೊಡೆದು ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗೆ ಬಿಟ್ಟು ಬರುತ್ತದೆ. ಎರಡೂ ತುದಿಯ ಹಗ್ಗ ದಡದಲ್ಲಿ ನಿಂತವರ ಕೈಯಲ್ಲಿ. ಕೂಡಲೇ ಎಳೆಯುವ ಹಾಗಿಲ್ಲ. ಬಲೆಯ ಅಡಿ ಮರಳಿಗೆ ಕೂರಬೇಕು, ಇಲ್ಲದಿದ್ದರೆ ಮೀನು ಅಡಿಯಿಂದ ನುಸುಳಿ ಹೋಗುತ್ತದೆ. ಅದು ಕೂರುವುದಕ್ಕೆ ಒಂದು ಬೀಡಿ ಹೊತ್ತು ಬೇಕು. ಮೊದಲು ನನ್ನ ಅಪ್ಪಯ್ಯನ ಬೀಡಿ, ಆಮೇಲೆ ನಲವತ್ತೊಂದು ವರ್ಷ ನನ್ನ ಬೀಡಿ. ನಾನು ಮರಳಲ್ಲಿ ಕುಕ್ಕರುಗಾಲಲ್ಲಿ ಕೂತು ಹೊತ್ತಿಸುತ್ತಿದ್ದೆ. ಬೆಂಕಿ ನೂಲಿನ ಹತ್ತಿರ ಬಂದು ಬೆರಳು ಬಿಸಿಯಾದಾಗ ಎಸೆದು, "ಎಳೀರೋ" ಅನ್ನುತ್ತಿದ್ದೆ. ಮೂವತ್ತು ಜನ ಎಳೆಯುತ್ತಿದ್ದರು.

ಮೀನಿನ ಹಿಂಡು ಎಲ್ಲಿದೆ ಎಂದು ದಡದಿಂದಲೇ ಕಂಡು ಹೇಳುವುದೂ ನನ್ನ ಕೆಲಸವೇ. ಬಂಗ್ಡೆ ಬಂದರೆ ನೀರಿನ ಮೇಲೆ ಮೋಡದ ನೆರಳು ಬಿದ್ದ ಹಾಗಿರುತ್ತದೆ. ಮೇಲೆ ನೋಡಿದರೆ ಮೋಡ ಇರುವುದಿಲ್ಲ. ಹೋದ ವರ್ಷದಿಂದ ನನಗೆ ಎಲ್ಲ ಕಡೆಯೂ ನೆರಳೇ ಕಾಣಲು ಶುರುವಾಯಿತು. ಎರಡು ಸಲ ಇಲ್ಲದ ಮೀನಿಗೆ ಬಲೆ ಹಾಕಿಸಿದೆ. ಮೂರನೇ ಸಲ "ಅಕಾ, ದೊಡ್ಡ ಹಿಂಡ್" ಎಂದು ಕೈ ತೋರಿಸಿದ್ದು ಯಾರದೋ ಬೋಟು. ಅದರಲ್ಲಿದ್ದವರು ನನಗೆ ಕೈಬೀಸಿದರಂತೆ.

ಕಣ್ಣು ಹೋದರೆ ನಾನು ಕಡಲ ಬದಿಯಲ್ಲಿ ಬರೀ ಒಬ್ಬ ಮುದುಕ. ಅದಕ್ಕೆ ಕುಂದಾಪುರಕ್ಕೆ ಹೋಗಿ ತೋರಿಸಿದೆ. ಸ್ನೇಹಲತಾ ಡಾಕ್ಟರು, "ಪೊರೆ ಬಂದಿದೆ ಅಜ್ಜ, ತೆಗೆದರೆ ಚೆನ್ನಾಗಿ ಕಾಣುತ್ತದೆ" ಎನ್ನುವಷ್ಟರಲ್ಲಿ ನನಗೆ ಕೆಮ್ಮು ಬಂತು. ಗದ್ದ ಇಟ್ಟಿದ್ದ ಮಿಷನ್ನು ಅಲ್ಲಾಡಿ ಹೋಯಿತು.

"ಹೀಗೆ ಕೆಮ್ಮಿದರೆ ನಾನು ಕಣ್ಣಿಗೆ ಕೈ ಹಾಕುವುದೋ, ಮೂಗಿಗೋ?" ಅಂದರು. "ಇಪ್ಪತ್ತೆಂಟು ದಿನ ಬೀಡಿ ಮುಟ್ಟಬಾರದು. ಹದಿನೈದು ನಿಮಿಷ ಕೆಮ್ಮದೆ, ಅಲ್ಲಾಡದೆ ಮಲಗಲಿಕ್ಕೆ ಆಗುತ್ತದೆ ಅಂತಾದರೆ ಬನ್ನಿ."

ವಾಪಸು ಬರುವಾಗ ನನ್ನ ಹೆಂಡತಿ, ಬಾಗಿ ಅಂತ ಹೆಸರು, ನನ್ನ ಸೊಂಟದಿಂದ ಬೀಡಿ ಕಟ್ಟು ಎಳೆದು ಬಸ್ಸಿನ ಕಿಟಕಿಯಿಂದ ಎಸೆದಳು. ಹಿಂದೆ ಬರುತ್ತಿದ್ದ ಸ್ಕೂಟರಿನವನೊಬ್ಬ ಅದನ್ನು ಹೆಕ್ಕಿಕೊಂಡು, ಬಸ್ಸನ್ನು ಅಟ್ಟಿಸಿಕೊಂಡು ಬಂದು, ಮುಂದಿನ ಸ್ಟಾಪಿನಲ್ಲಿ, "ಅಜ್ಜ, ನಿಮ್ದ್ ಬಿತ್ತ್" ಎಂದು ಕೊಟ್ಟ. ಎಂತಹ ಒಳ್ಳೆಯ ಮನುಷ್ಯ! ಬಾಗಿ ಅವನಿಗೆ ಬೈದ ಬೈಗುಳ ಕೇಳಿ ಕಂಡಕ್ಟರು ಸೀಟಿ ಊದುವುದನ್ನೇ ಮರೆತ.

ಮೊದಲನೇ ವಾರ ನನ್ನ ತಲೆ ಹೆಗಲ ಮೇಲಿರಲಿಲ್ಲ. ನಡೆದರೆ ನೆಲ ದೋಣಿಯ ಹಾಗೆ ಆಡುತ್ತಿತ್ತು. ಕೆಮ್ಮು ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಬಾಗಿ ಲವಂಗ ಕೊಟ್ಟಳು, ಶುಂಠಿ ಕೊಟ್ಟಳು, ಸುಟ್ಟ ಹಲಸಿನ ಬೀಜ ಕೊಟ್ಟಳು. ಎಲ್ಲ ತಿಂದೆ. ಆದರೂ ಬಾಯಿಗೆ ಏನೋ ಬೇಕು. ಹಿಡಿಸೂಡಿ ಪೊರಕೆಯಿಂದ ಒಂದು ಕಡ್ಡಿ ಮುರಿದು ತುಟಿಯಲ್ಲಿ ಇಟ್ಟುಕೊಂಡೆ. ನಾಲ್ಕನೇ ದಿನ ಕಡಲು ನೋಡುತ್ತಾ ಕೂತಾಗ ಕೈ ತನ್ನಷ್ಟಕ್ಕೆ ಬೆಂಕಿಪೆಟ್ಟಿಗೆ ತೆಗೆದು ಆ ಕಡ್ಡಿಗೆ ಬೆಂಕಿ ಕೊಟ್ಟಿತು. ಮೀಸೆಯ ಎಡಬದಿ ಹೋಯಿತು. ಬಲಬದಿಯನ್ನು ಬಾಗಿ ಕತ್ತರಿಯಲ್ಲಿ ತೆಗೆದಳು. ನಗಾಡಿ ನಗಾಡಿ ಅವಳ ಕೈ ನಡುಗಿ ತುಟಿಗೂ ಸ್ವಲ್ಪ ತಾಗಿತು.

ಆರನೇ ದಿನ ಮೂಗು ವಾಪಸು ಬಂತು. ಬಂದದ್ದೇ ನನ್ನ ದೋಸ್ತಿ ಅಣ್ಣಯ್ಯನ ಮೇಲೆ.

"ಅಣ್ಣಯ್ಯ, ನೀ ಮಿಂದ್ ಎಷ್ಟ್ ದಿನ ಆಯ್ತ್ ಮಾರಾಯ?"

"ನಲ್ವತ್ ವರ್ಷ ಒಟ್ಟಿಗಿದ್ದ್ ಈಗ ಕೇಂತ್ಯಾ?" ಎಂದು ಅವನು ಎರಡು ದಿನ ಗಾಳಿಯ ಕೆಳಬದಿಗೇ ನಿಂತ.

ಇದೆಲ್ಲ ನಗೆಯ ಮಾತಾಯಿತು. ನಿಜವಾದ ಫಜೀತಿ ಎಂಟನೇ ದಿನ, ಅಲ್ಲಿಯವರೆಗೆ ಹಿಂಡೇ ಬಂದಿರಲಿಲ್ಲ. ದೋಣಿ ನಡೆಸುವ ರೋಷನ್ ಹಿಂಡು ಕಂಡು ಬಲೆ ಬಿಟ್ಟು ಬಂದ. ಮೂವತ್ತು ಜನ ಹಗ್ಗ ಹಿಡಿದು ನನ್ನ ಮುಖ ನೋಡಿದರು. ನಾನು ಮರಳಲ್ಲಿ ಕೂತೆ. ಹೊತ್ತು ಎಂಬುದು ನನ್ನ ಬೆರಳಿನಲ್ಲಿತ್ತು, ಬೆರಳು ಖಾಲಿ. ತಡೆಯಲಾಗದೆ "ಎಳೀರೋ" ಅಂದೆ. ಬಂದದ್ದು ಎರಡು ಲೋಳೆಮೀನು ಮತ್ತು ಎಡಗಾಲಿನ ಒಂದು ಚಪ್ಪಲಿ.

"ಬಲಗಾಲಿಂದ್ ನಾಳೆ ಬತ್ತಾ ಚಂದ್ರಣ್ಣ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮರುದಿನ ರೋಷನ್ ತನ್ನ ಮೊಬೈಲಿನಲ್ಲಿ ಐದು ನಿಮಿಷದ ಅಲಾರಾಂ ಇಟ್ಟ. ಎರಡನೇ ನಿಮಿಷಕ್ಕೇ ಅದು ಕೂಗಿತು. ಮೂವತ್ತು ಜನ ಜೀವ ಬಿಟ್ಟು ಎಳೆದರು. ಅದು ಅಲಾರಾಂ ಅಲ್ಲ, ಅವನ ಹೆಂಡತಿ ನವ್ಯಶ್ರೀ, ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಎಂದು ಹೇಳಲು ಫೋನು ಮಾಡಿದ್ದು. ಹಿಂಡು ಗಂಗೊಳ್ಳಿ ಕಡೆ ಹೋಯಿತು. ಅದರ ಮಾರನೇ ದಿನ ಅಣ್ಣಯ್ಯ ತಾನೇ ಬೀಡಿ ಹೊತ್ತಿಸಿ ಕೂತ. ಅವನು ನಾಲ್ಕು ದಮ್ಮಿಗೆ ಮುಗಿಸುವವನು, ಬಲೆ ಇನ್ನೂ ತೇಲುತ್ತಿತ್ತು. ಉಳಿದವರೆಲ್ಲ ಎಲೆ ಅಡಿಕೆಯವರು.

ಹನ್ನೊಂದನೇ ದಿನ ದೊಡ್ಡ ಹಿಂಡು ಬಂತು. ಬಲೆ ಬಿಟ್ಟಾಯಿತು. ಅಣ್ಣಯ್ಯ ಹೊತ್ತಿಸಿದ ಬೀಡಿಯೊಂದನ್ನು ನನ್ನ ಮೂಗಿನ ಹತ್ತಿರ ತಂದ.

"ಒಂದೇ ಒಂದ್ ಚಂದ್ರಣ್ಣ. ನಿಂಗಲ್ಲ, ಬಲೆಗೆ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹತ್ತು ದಿನದಿಂದ ಯಾರ ಮನೆಗೂ ಸಾರಿಗೆ ಮೀನಿಲ್ಲ. ಹೊಸದಾಗಿ ಬಂದ ಮೂಗಿಗೆ ಆ ಹೊಗೆ ಎಷ್ಟು ಚಂದ ಇತ್ತು ಎಂದು ಹೇಳಬಾರದು, ಆದರೂ ಹೇಳುತ್ತೇನೆ, ಬಹಳ ಚಂದ ಇತ್ತು. ಕಣ್ಣು ಇನ್ನೊಂದು ತಿಂಗಳು ಕಾದೀತು ಅಂದುಕೊಂಡೆ. ಕೈ ಚಾಚಿದೆ.

"ಹ್ವಾಯ್!"

ಬಾಗಿ. ಮೀನಿನ ಬುಟ್ಟಿ ಮರಳಿಗೆ ಒಗೆದು ಬಂದಳು.

"ಮದಿ ದಿನ ದಿಬ್ಬಣ ನಿಲ್ಸಿ ಬೀಡಿ ತರುಕೆ ಹೋದ್ರಿ! ಸುಗುಣ ಹುಟ್ಟುವತಿಗೆ ಆಸ್ಪತ್ರಿ ಹೊರ್ಗ್ ಕೂಕಂಡ್ ಎಳಿತಿದ್ರಿ, ಹೆಣ್ಣ್ ಹುಟ್ಟಿತ್ ಅಂದೇಳಿ ಚಾ ಅಂಗ್ಡಿಯವ್ನಿಗ್ ಗೊತ್ತಾಯ್ತ್, ಅಪ್ಪನಿಗ್ ಗೊತ್ತಿಲ್ಲ! ನೆರೆ ಬಂದ್ ವರ್ಷ ಅಕ್ಕಿ ಡಬ್ಬಿ ಬಿಟ್ಟಿಕಿ ಬೀಡಿ ಕಟ್ಟ್ ತಲೆ ಮ್ಯಾಲೆ ಹೊತ್ಕಂಡ್ ಬಂದ್ರಿ..."

ಸುಗುಣ ನಮ್ಮ ಮಗಳು, ಅವಳಿಗೇ ಈಗ ಮೂವತ್ತೆಂಟು. ಬಾಗಿ ಯಾವುದನ್ನೂ ಬಿಡಲಿಲ್ಲ. ಒಗೆದ ಪಂಚೆಯಲ್ಲಿ ಬಿದ್ದ ತೂತು, ಮಾವನ ಮನೆಯ ಹಾಸಿಗೆಯಲ್ಲಿ ಬಿದ್ದ ತೂತು, ಎಲ್ಲ ಸಾಲಾಗಿ ಬಂದವು. ಮೂವತ್ತು ಜನ ಹಗ್ಗ ಹಿಡಿದುಕೊಂಡೇ ಬಾಯಿ ತೆರೆದು ನಿಂತಿದ್ದರು. ಅಣ್ಣಯ್ಯನ ಕೈಯಲ್ಲಿದ್ದ ಬೀಡಿ ಆರಿ ಹೋಯಿತು. ಕೊನೆಗೆ ಅವಳು ಸೆರಗು ಝಾಡಿಸಿ, "ನಂಗಿನ್ನ್ ನಿಮ್ಮ್ ಹತ್ರ ಮಾತಿಲ್ಲ!" ಅಂದಳು.

ಆ ಮಾತು ಕಿವಿಗೆ ಬಿದ್ದದ್ದೇ ನನ್ನ ಬೆರಳು ಬಿಸಿಯಾಯಿತು. ಬೆರಳಲ್ಲಿ ಏನೂ ಇಲ್ಲ, ಆದರೂ ಬಿಸಿ.

"ಎಳೀರೋ!" ಅಂದೆ.

ಬಲೆ ಬಂತು. ಒಳಗೆ ಬಂಗ್ಡೆ ಕುದಿಯುವ ಅನ್ನದ ಹಾಗೆ ಹಾರುತ್ತಿತ್ತು.

ಆಮೇಲೆ ಮರಳಲ್ಲಿ ಕೂತು ಯೋಚಿಸಿದೆ. ನಲವತ್ತೊಂದು ವರ್ಷ ಮನೆಯಲ್ಲಿ ನಾನು ಬೀಡಿ ಹೊತ್ತಿಸಿದ ಕೂಡಲೇ ಬಾಗಿ ಬೈಯಲು ಶುರು ಮಾಡುತ್ತಿದ್ದಳು, ಎಸೆದ ಕೂಡಲೇ ಮುಗಿಸುತ್ತಿದ್ದಳು. ದಿನಾ ಉಜ್ಜಿ ಉಜ್ಜಿ ಬೀಡಿಗೂ ಬೈಗುಳಕ್ಕೂ ಒಂದೇ ಉದ್ದ ಆಗಿತ್ತು.

ಮರುದಿನದಿಂದ ಬಲೆ ಬಿಟ್ಟದ್ದೇ, "ಬಾಗಕ್ಕ, ಶುರು ಮಾಡಿ" ಎಂದು ಕೂಗು. ಅವಳಿಗೆ ನಾಚಿಕೆ. "ಸಿಟ್ಟ್ ಬರ್ದೆ ಹ್ಯಾಂಗ್ ಬೈಯುದ್ ಮಾರಾಯ್ರೆ?" ಅನ್ನುತ್ತಿದ್ದಳು. ಆಗ ಅಣ್ಣಯ್ಯ ನನಗೆ ಕಣ್ಣು ಹೊಡೆಯುತ್ತಿದ್ದ. ನಾನು ನಿನ್ನೆಯ ಸಾರಿಗೆ ಉಪ್ಪು ಜಾಸ್ತಿ ಅನ್ನುತ್ತಿದ್ದೆ. ಅಷ್ಟು ಸಾಕು. ವಾರ ಕಳೆಯುವಾಗ ಮೂವತ್ತು ಜನರಿಗೂ ಬಾಯಿಪಾಠ. ಅಕ್ಕಿ ಡಬ್ಬಿ ಬಂದಾಗ ಎಲ್ಲರೂ ಒಟ್ಟಿಗೆ, "ಬಿಟ್ಟಿಕಿ!" ಅನ್ನುತ್ತಿದ್ದರು. ಇದರ ಮಧ್ಯೆ ಕೆಮ್ಮು ಯಾವ ದಿನ ನಿಂತಿತೋ ನನಗೆ ಗೊತ್ತಾಗಲೇ ಇಲ್ಲ.

ಇಪ್ಪತ್ತೊಂಬತ್ತನೇ ದಿನ ಆಪರೇಷನ್. ಮುಖದ ಮೇಲೆ ಹಸಿರು ಬಟ್ಟೆ, ಕಣ್ಣಿನ ಜಾಗಕ್ಕೆ ಮಾತ್ರ ಒಂದು ತೂತು. "ಅಜ್ಜ, ಅಲ್ಲಾಡಬಾರದು" ಅಂದರು ಡಾಕ್ಟರು. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಇರುವೆ ಹರಿದ ಹಾಗಾಯಿತು. ಕೆಮ್ಮಿದರೆ ಕಣ್ಣು ಹೋಯಿತು. ಹದಿನೈದು ನಿಮಿಷ ಅಂದರೆ ಎಷ್ಟು ಎಂದು ನನಗೆ ಗೊತ್ತಿಲ್ಲ, ಮೂರು ಬೀಡಿ ಅಂದರೆ ಗೊತ್ತು. ಮನಸ್ಸಿನೊಳಗೆ ಬಾಗಿಯನ್ನು ಶುರು ಮಾಡಿಸಿದೆ. ಮದಿ, ದಿಬ್ಬಣ, ಸುಗುಣ, ನೆರೆ. ಎರಡನೇ ಸುತ್ತಿಗೆ ಇರುವೆ ಹೋಯಿತು, ನಗೆ ಬಂತು. ಅದು ಕೆಮ್ಮಿಗಿಂತ ಕಷ್ಟ. ಅಕ್ಕಿ ಡಬ್ಬಿಯ ಹತ್ತಿರ ಹಲ್ಲು ಕಚ್ಚಿ ಹಿಡಿದೆ. ಮೂರನೇ ಸುತ್ತಿನಲ್ಲಿ ಅವಳು ಸೆರಗು ಝಾಡಿಸುವುದಕ್ಕೂ ಡಾಕ್ಟರು ಬಟ್ಟೆ ತೆಗೆಯುವುದಕ್ಕೂ ಸರಿಯಾಯಿತು.

"ಮುಗೀತು ಅಜ್ಜ."

"ಗೊತ್ತಾಯ್ತ್" ಅಂದೆ. "ಬಾಗಿ ನಿಲ್ಸಿದ್ಲ್."

ಅವರು ನರ್ಸಿನ ಮುಖ ನೋಡಿದರು.

ಒಂದು ತಿಂಗಳು ಮನೆಯಲ್ಲಿ ಕೂರಿಸಿದರು. ಆಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕಡಲ ಬದಿಗೆ ಹೋದೆ. ಬೆಳಿಗ್ಗೆ ಎಂಟು ಗಂಟೆ, ಆಕಾಶ ಖಾಲಿ. ನೀರಿನ ಮೇಲೆ ಒಂದು ನೆರಳು. ಕನ್ನಡಕ ಎತ್ತಿ ಮೇಲೆ ನೋಡಿದೆ, ಮೋಡ ಇಲ್ಲ. ಬೋಟೂ ಅಲ್ಲ. ಕೈ ತೋರಿಸಿದೆ. ರೋಷನ್ ದೋಣಿ ನೂಕಿದ.

ಬಲೆ ಬಿಟ್ಟಾಯಿತು. ಬಾಗಿ ಸೊಂಟಕ್ಕೆ ಕೈಯಿಟ್ಟು ಶುರು ಮಾಡಿದಳು. ಮದಿ ಆಯಿತು, ಸುಗುಣ ಆದಳು. ನೆರೆ ಆದ ಮೇಲೆ, "ಆಪ್ರೇಷನ್ನಿಗ್ ಹೋಯಿ ಡಾಕ್ಟ್ರಮ್ಮನ ಹತ್ರ ನನ್ ಹೆಸ್ರ್ ತೆಗ್ದ್..." ಅಂದಳು.

"ಬಾಗಕ್ಕ, ಹೊಸ್ತ್ ಸೇರ್ಸ್ಬ್ಯಾಡಿ!" ಮೂವತ್ತು ಜನ ಕೂಗಿದರು. "ಬಲೆ ಕಾಯ್ತಾ ಇತ್ತ್!"

ಅವಳಿಗೆ ತಪ್ಪಿಹೋಯಿತು. ಎಲ್ಲಿದ್ದೆ ಎಂದು ಹುಡುಕಿದಳು, ಸಿಗಲಿಲ್ಲ. ನನ್ನ ಮುಖ ನೋಡಿದಳು, ಅಲ್ಲಿ ಮೀಸೆ ಇನ್ನೂ ಅರ್ಧವೇ ಬಂದಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ ಮರಳಲ್ಲೇ ಕೂತುಬಿಟ್ಟಳು. ಅವಳ ಮೂಗುತಿಯ ಹರಳು ಕೆಂಪು ಎಂಬುದು ನನಗೆ ಮರೆತೇ ಹೋಗಿತ್ತು.

ಬಲೆ ನೀರಲ್ಲಿ, ಹಗ್ಗ ಕೈಯಲ್ಲಿ. ಯಾರಾದರೂ ಮುಗಿಸಲೇಬೇಕು. ನಾನು ಎದ್ದು ಸೊಂಟಕ್ಕೆ ಕೈಯಿಟ್ಟೆ. ಪಂಚೆಯ ತೂತಿನಿಂದ ಹಿಡಿದು ಮಾವನ ಮನೆಯ ಹಾಸಿಗೆಯವರೆಗೆ ನನ್ನನ್ನು ನಾನೇ, ಒಂದೂ ಬಿಡದೆ, ಅವಳದೇ ದನಿಯಲ್ಲಿ ಬೈದುಕೊಂಡೆ. ಹೆಗಲ ಬೈರಾಸು ಝಾಡಿಸಿದೆ. ಮೂವತ್ತು ಜನ ನನ್ನ ಜೊತೆ ದನಿ ಸೇರಿಸಿದರು:

"ನಂಗಿನ್ನ್ ನಿಮ್ಮ್ ಹತ್ರ ಮಾತಿಲ್ಲ!"

ಎಳೆದರು.